“ನನ್ನ ಹೆಸರು ಹೇಳಿಬಿಟ್ರಾ?”

ಬುಧವಾರ ಸಂಜೆ ಚಿಕ್ಕಮ್ಮ ಲಕೋಟೆ ಹಿಡಿದುಕೊಂಡು ಬಂದರು. ಮಾಹಿತಿ ಹಕ್ಕಿನಲ್ಲಿ ಪಿಎಫ್ ಕಚೇರಿಗೆ ಹಾಕಿದ್ದ ಅರ್ಜಿಗೆ ಉತ್ತರ ಬಂದಿತ್ತು. ಇಂಗ್ಲಿಷಿನಲ್ಲಿದೆ ಅಂತ ಒಡೆದು ನೋಡಿ ಮತ್ತೆ ಮಡಚಿಟ್ಟಿದ್ದರು. ಓದಿ ಹೇಳಿದೆ. ಕೇಳಿದ ದಾಖಲೆ ಥರ್ಡ್ ಪಾರ್ಟಿಗೆ ಸೇರಿದ್ದು, ಅವರನ್ನು ವಿಚಾರಿಸಿದೆವು, ಗೌಪ್ಯ ಅಂದಿದ್ದಾರೆ, ವೈಯಕ್ತಿಕ ಮಾಹಿತಿಯೂ ಇದೆ, ಕೊಡಲಾಗದು.

“ಥರ್ಡ್ ಪಾರ್ಟಿ ಅಂದ್ರೆ ಯಾರೋ?”

“ಕಂಪನಿಯವರು, ಚಿಕ್ಕಮ್ಮ.”

ದುಡ್ಡು ನುಂಗಿದವರನ್ನೇ ಹೋಗಿ ಕೇಳಿದ್ದಾರೆ ಅಂತ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಿಗೆ ನನ್ನ ಹೆಸರು ಹೇಳಿಬಿಟ್ರಾ?” ಅಂದರು.

“ಇಲ್ಲ ಬಿಡಿ” ಅಂದೆ. ನನಗೇನು ಗೊತ್ತು? ಬಾಯಿಗೆ ಬಂದಿದ್ದು ಹೇಳಿಬಿಟ್ಟೆ.

ಅವರು ಹತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿದವರು. ಸಂಬಳದ ಚೀಟಿಗಳೆಲ್ಲ ಹಳೇ ಬಿಸ್ಕತ್ತಿನ ಡಬ್ಬದಲ್ಲಿವೆ. ಶಾಯಿ ಮಾಸಿದ ಉದ್ದುದ್ದ ಚೀಟಿಗಳು, ಮಧ್ಯೆ ರಬ್ಬರ್ ಬ್ಯಾಂಡ್. ಸಂಬಳ 12,000, ಪಿಎಫ್ ಕಡಿತ 1,440. ಎಲ್ಲಾ ಚೀಟಿಯಲ್ಲೂ ಇದೆ. ಪಾಸ್‌ಬುಕ್ ತೆಗೆದರೆ ಮಧ್ಯದ 14 ತಿಂಗಳು ಖಾಲಿ. ಅವರ ಪಾಲೂ ಇಲ್ಲ, ಕಂಪನಿ ಕಟ್ಟಬೇಕಾದ ಪಾಲೂ ಇಲ್ಲ. ಪಿಂಚಣಿಗೆ ಹೋಗಬೇಕಾದ ಶೇಕಡಾ 8.33 ಇರುವುದು ಆ ಕಂಪನಿ ಪಾಲಿನಲ್ಲೇ.

ತಿಂಗಳ ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕು. ಆರು ತಿಂಗಳು ದಾಟಿದ್ದರೆ ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ಪಾಸ್‌ಬುಕ್ ಲೆಕ್ಕದಲ್ಲಿ ಚಿಕ್ಕಮ್ಮನದು 9 ವರ್ಷ 1 ತಿಂಗಳು. ಆ 14 ತಿಂಗಳು ಸೇರಿದರೆ ಹತ್ತು ದಾಟುತ್ತದೆ. ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. 2014ರಿಂದ ಅಷ್ಟೇ. ನಮಗೆ ಅದೇನು ಮಹಾ ಅನ್ನಿಸಬಹುದು. ಅವರಿಗೆ ಅದು ಗ್ಯಾಸ್ ಸಿಲಿಂಡರ್ ಮತ್ತು ಬಿಪಿ ಮಾತ್ರೆ.

ಕಂಪನಿಯ ಎಚ್‌ಆರ್ ಮನುಷ್ಯನ ಹತ್ತಿರ ಮೂರು ಸಲ ಹೋಗಿದ್ದರು. ಮಾತು ಮಾತಿಗೂ “ಅಮ್ಮಾ” ಅನ್ನುತ್ತಾನಂತೆ. ಅಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಒಂದು ತಪ್ಪು ನನ್ನದೇ. ಅರ್ಜಿ ಬರೆದವನು ನಾನು. ಹುರುಪಿನಲ್ಲಿ 14 ತಿಂಗಳ ಪೂರ್ತಿ ರಿಟರ್ನ್, ಅಂದರೆ ಕಂಪನಿ ಪಿಎಫ್ ಕಚೇರಿಗೆ ಕೊಡುವ ಲೆಕ್ಕದ ಪಟ್ಟಿ, ಕೊಡಿ ಅಂತ ಬರೆದೆ. ಅದರಲ್ಲಿ ಎಲ್ಲಾ ಕೆಲಸಗಾರರ ಹೆಸರು, ಯುಎಎನ್ ಅನ್ನುವ ಪಿಎಫ್ ನಂಬರು, ಸಂಬಳ ಇರುತ್ತದೆ. ನನ್ನ ಸಂಬಳ ಇನ್ಯಾರೋ ಅರ್ಜಿ ಹಾಕಿ ತಿಳಿದುಕೊಂಡರೆ ನಾನು ಸುಮ್ನೆ ಇರ್ತೀನಾ? ಅಷ್ಟರ ಮಟ್ಟಿಗೆ ಅಧಿಕಾರಿ ಹೇಳಿದ್ದು ಸರಿ. ಆದರೆ ಬೇರೆಯವರ ಸಾಲುಗಳನ್ನು ಮುಚ್ಚಿ ಚಿಕ್ಕಮ್ಮನ ಒಂದು ಸಾಲು ಕೊಡಬಹುದಿತ್ತಲ್ವಾ? ಮಾಹಿತಿ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಇರುವುದೇ ಅದಕ್ಕೆ. ಇನ್ನು ದುಡ್ಡು ಕಟ್ಟಿದ ಚಲನ್ ಯಾರ ವೈಯಕ್ತಿಕ ಮಾಹಿತಿ, ಕಂಪನಿಗೇನು ಮಾನಮರ್ಯಾದೆ ಹೋಗುತ್ತದೆಯೇ?

ಅದೇ ಕಾಯ್ದೆಯ 8(1)(ಜೆ)ಯಲ್ಲಿ ಮೊದಲು, ದೊಡ್ಡ ಸಾರ್ವಜನಿಕ ಹಿತ ಇದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದು ಅನ್ನುವ ಮಾತು ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಅದನ್ನು ಕಿತ್ತುಹಾಕಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಈಗ ‘ವೈಯಕ್ತಿಕ’ ಅಂದುಬಿಟ್ಟರೆ ಮುಗೀತು. 8(2)ರಲ್ಲಿ ಸಾರ್ವಜನಿಕ ಹಿತದ ಬಾಗಿಲು ಇನ್ನೂ ಇದೆ. ಆದರೆ ಅದನ್ನು ನಾವೇ ಹೋಗಿ ತಟ್ಟಬೇಕು.

ಥರ್ಡ್ ಪಾರ್ಟಿಯನ್ನು ವಿಚಾರಿಸುವುದೂ ಮಾಹಿತಿ ಹಕ್ಕು ಕಾಯ್ದೆಯಲ್ಲೇ ಇದೆ, 11ನೇ ಸೆಕ್ಷನ್. ಅರ್ಜಿ ಬಂದ 5 ದಿನದಲ್ಲಿ ಅವರಿಗೆ ನೋಟಿಸ್ ಕೊಡಬೇಕು, ಅವರಿಗೆ ಉತ್ತರಿಸಲು 10 ದಿನ. ಅವರು ಬೇಡ ಅಂದ ಮಾತ್ರಕ್ಕೆ ಕೊಡಬಾರದು ಅಂತೇನಿಲ್ಲ, ತೀರ್ಮಾನ ಅಧಿಕಾರಿಯದು. ಆ ನೋಟಿಸ್ ಜೊತೆ ಚಿಕ್ಕಮ್ಮನ ಅರ್ಜಿಯೂ ಕಂಪನಿಗೆ ಹೋಯಿತಾ? ಬುಧವಾರದಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಚಿಕ್ಕಮ್ಮನ ಸೊಸೆ ಇನ್ನೂ ಅದೇ ಕಂಪನಿಯ ಫಿನಿಶಿಂಗ್‌ನಲ್ಲಿ ಕೆಲಸ ಮಾಡುತ್ತಾಳೆ. ಕಂಪನಿಯ ಗುಟ್ಟು ಉಳಿಯಲಿ ಅಂತ ಅವರನ್ನು ಕಾಗದ ಹಾಕಿ ಕೇಳಿದ್ದಾರೆ. ನಿಮ್ಮ ಹೆಸರು ಹೇಳಬಹುದೇ ಅಂತ ಚಿಕ್ಕಮ್ಮನನ್ನು ಕೇಳಿದವರಿಲ್ಲ.

ಇದೇ ಚಿಕ್ಕಮ್ಮ 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯಲ್ಲಿ ಕೂತಿದ್ದರು. ಪಿಎಫ್ ದುಡ್ಡು ಪೂರ್ತಿ ತೆಗೆಯಲು ಆಗದ ಹಾಗೆ ನಿಯಮ ಬದಲಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರಲ್ಲ, ಆಗ. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆವತ್ತು ಹೆದರಿಕೆ ಆಗಲಿಲ್ವಾ ಅಂತ ಕೇಳಿದೆ. “ಅಷ್ಟು ಜನದಲ್ಲಿ ನನ್ನ ಹೆಸರು ಯಾರಿಗೆ ಗೊತ್ತಿತ್ತೋ” ಅಂದರು.

ನಿನ್ನೆ ರಾತ್ರಿ ಮೊದಲ ಮೇಲ್ಮನವಿ ಬರೆದೆ. 30 ದಿನದೊಳಗೆ ಹಾಕಬೇಕು, ಶುಲ್ಕ ಇಲ್ಲ. ಈ ಸಲ ಅವರ ಸಾಲು ಮತ್ತು ಚಲನ್ ಅಷ್ಟೇ ಕೇಳಿದ್ದೇನೆ.

“ನಿನ್ನ ಹೆಸರಲ್ಲೇ ಹಾಕೋಕೆ ಆಗಲ್ವೇನೋ?”

“ನನ್ನ ಹೆಸರಲ್ಲಿ ಹಾಕಿದ್ರೆ ನೀವೇ ಥರ್ಡ್ ಪಾರ್ಟಿ ಆಗ್ತೀರಿ, ಚಿಕ್ಕಮ್ಮ.”

ಅದಕ್ಕೆ ನಕ್ಕರು. ಕನ್ನಡಕ ಹಾಕಿಕೊಂಡು, ಪೆನ್ನು ಒತ್ತಿ ಒತ್ತಿ ನಿಧಾನಕ್ಕೆ ಸಹಿ ಮಾಡಿದರು. ಹಾಳೆ ಕೊಡುವ ಮುಂಚೆ ಒಂದು ಕ್ಷಣ ಹಿಡಿದುಕೊಂಡು, “ವಿಳಾಸ ಮಾತ್ರ ನಿಮ್ಮನೇದೇ ಬರಿ” ಅಂದರು.