ಬಾರ್ ಸೆಟ್ ಬೇಡ, ಕುಟ್ಟಾಣಿ ಸಾಕು

ನವೆಂಬರ್ 26, 2025, ಬುಧವಾರ
ಶ್ರೂಸ್‌ಬರಿ, ಮ್ಯಾಸಚೂಸೆಟ್ಸ್

ನಾಳೆ ಥ್ಯಾಂಕ್ಸ್‌ಗಿವಿಂಗ್, ಅಮೆರಿಕದವರು ಮನೆಮಂದಿ, ನೆಂಟರ ಜೊತೆ ಕೂತು ಉಣ್ಣುವ ಹಬ್ಬ. ಈ ರಾಜ್ಯದಲ್ಲಿ ಅವತ್ತು ಮದ್ಯದ ಬಾಟಲಿ ಅಂಗಡಿ ತೆರೆಯುವ ಹಾಗಿಲ್ಲ, ಕಾನೂನೇ ಹಾಗಿದೆ. ದೊಡ್ಡ ಸೂಪರ್ ಮಾರ್ಕೆಟ್ಟುಗಳೂ ಬಾಗಿಲು ಹಾಕಿರುತ್ತವೆ. ಹಾಗಾಗಿ ಇವತ್ತು ಸಂಜೆ ಊರಿಗೆ ಊರೇ 'ಪ್ಯಾಕಿ' ಮುಂದೆ ಸಾಲು ನಿಂತಿತ್ತು. (ಬಾಟಲಿ ಅಂಗಡಿಗೆ ಇಲ್ಲಿನವರು ಇಟ್ಟ ಮುದ್ದಿನ ಹೆಸರು.) ನಾನು ತಂದದ್ದು ಒಂದು ಬರ್ಬನ್ (ಅಮೆರಿಕದ ವಿಸ್ಕಿ), ಒಂದು ಪುಟ್ಟ ಬಾಟಲಿ ಅಂಗಸ್ಟೂರಾ ಬಿಟರ್ಸ್ (ಹನಿ ಲೆಕ್ಕದಲ್ಲಿ ಹಾಕುವ ಕಹಿ ಸಾರ), ಒಂದಿಷ್ಟು ಸೋಡಾ. ಟರ್ಕಿ ಕೋಳಿ ಬೇಯಿಸುವುದು ನಮ್ಮನೆಯವರ ಪಾಲಿಗೆ, ನೀರುದೋಸೆ ಗೆಳತಿಯ ಪಾಲಿಗೆ. ಕುಡಿಯುವುದರ ಉಸ್ತುವಾರಿ ಪೂರ್ತಿ ನನ್ನದು.

ಈ ಸೀಸನ್ನಿನಲ್ಲಿ ಎಲ್ಲ ಅಂಗಡಿಗಳಲ್ಲೂ ಬಿದಿರಿನ ಸ್ಟ್ಯಾಂಡಿಗೆ ಸಿಕ್ಕಿಸಿದ ಬಾರ್ ಸೆಟ್ಟುಗಳ, ಅಂದರೆ ಕಾಕ್‌ಟೇಲ್ ಬೆರೆಸುವ ಸಾಮಾನುಗಳ ಹಾವಳಿ. ಐಸ್ ಎತ್ತುವ ಚಿಮಟ, ಬಾಟಲಿ ಬಾಯಿಗೆ ಸಿಕ್ಕಿಸುವ ಕೊಳವೆ, ಒಲಿವ್ ಚುಚ್ಚುವ ಕಡ್ಡಿ, ಎಲ್ಲ ಸೇರಿ ಪೆಟ್ಟಿಗೆ ಭಾರ. ನನ್ನ ಮಟ್ಟಿಗೆ ಮೂರು ಸಾಮಾನು ಸರಿಯಾಗಿದ್ದರೆ ಮುಗಿಯಿತು: ಅಳತೆಯ ಜಿಗ್ಗರ್, ಅಲುಗಾಡಿಸುವ ಶೇಕರ್, ಬಾಯಿಗೆ ಸ್ಪ್ರಿಂಗ್ ಸುತ್ತಿದ ಸ್ಟ್ರೈನರ್. ಶೇಕರಿನಲ್ಲಿ ಮೂರು ಭಾಗದ್ದು ನೋಡಲು ಚಂದ, ಸೋಸಲು ಮುಚ್ಚಳದಲ್ಲೇ ತೂತಿರುತ್ತದೆ. ಆದರೆ ಐಸಿನ ತಂಪಿಗೆ ಲೋಹ ಕುಗ್ಗಿ ಮುಚ್ಚಳ ಹಿಡಿದುಕೊಂಡರೆ ಬಂದವರ ಮುಂದೆ ಕುಸ್ತಿ ಆಡಬೇಕು. ಒಂದರ ಬಾಯಿಗೆ ಇನ್ನೊಂದು ಕವಿಚುವ ಎರಡು ಸ್ಟೀಲ್ ಡಬ್ಬಿಯ ಬಾಸ್ಟನ್ ಶೇಕರ್ ಹಾಗಲ್ಲ, ಬದಿಗೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಉಳಿದದ್ದೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ. ಹಣ್ಣು, ಎಲೆ ಜಜ್ಜುವ ಮಡ್ಲರಿಗೆ ಏಲಕ್ಕಿ ಕುಟ್ಟಾಣಿ, ಸಣ್ಣ ಜರಡಿಗೆ ಚಹಾ ಸೋಸುವುದು.

ಮಾವ ಪುತ್ತೂರಿನಿಂದ ಬಂದಿದ್ದಾರೆ. ಜಿಗ್ಗರನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಇದೆಂತ, ಕಷಾಯದ ಅಳತೆಯಾ?"

"ಅಲ್ಲ ಮಾವ. ಈಚೆ ಬದಿ ಒಂದು ಔನ್ಸ್, ಆಚೆ ಬದಿ ಎರಡು. ನಿಮ್ಮ ಸ್ಮಾಲು, ಲಾರ್ಜು."

ನಿಜಕ್ಕೂ ಹಾಗೇ. ಒಂದು ಔನ್ಸ್ ಅಂದರೆ ಹೆಚ್ಚುಕಮ್ಮಿ 30 ಎಂಎಲ್, ಎರಡಾದರೆ 60. 750ರ ಬಾಟಲಿಯಲ್ಲಿ ಹನ್ನೆರಡು ಲಾರ್ಜು. ಮಾವನಿಗೆ ಮಾತ್ರ ಬೆರಳಿಟ್ಟು ಅಳೆಯುವುದೇ ಸಮಾಧಾನ. ಅವರ ಬೆರಳು ದಪ್ಪ ಅನ್ನುವುದನ್ನು ನಾನು ಹೇಳಲು ಹೋಗಲಿಲ್ಲ.

ತಾಮ್ರದ ಮಗ್ಗುಗಳೂ ಕಣ್ಣಿಗೆ ಬಿದ್ದವು. ವೋಡ್ಕಾ, ನಿಂಬೆರಸ, ಜಿಂಜರ್ ಬಿಯರ್ ಹಾಕಿ ಕುಡಿಯುವ ಮಾಸ್ಕೋ ಮ್ಯೂಲ್‌ಗೆ ಅವೇ ಆಗಬೇಕು ಅಂತ ಇಲ್ಲಿ ಶಾಸ್ತ್ರ. ಎತ್ತಿ ಒಳಗೆ ನೋಡಿದರೆ ಬರಿ ತಾಮ್ರ, ಸ್ಟೀಲಿನ ಪದರ ಇಲ್ಲ. ವಾಪಸು ಇಟ್ಟೆ. ಹುಳಿ ತಾಗುವ ತಾಮ್ರಕ್ಕೆ ಕಲಾಯಿ ಬೇಕು ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉದ್ದ ಕಾಲಿನ, ಅಗಲ ಬಾಯಿಯ ಕೂಪ್ ಗ್ಲಾಸುಗಳನ್ನೂ ಮುಟ್ಟಲಿಲ್ಲ, ಮಕ್ಕಳು ಓಡಾಡುವ ಮನೆಯಲ್ಲಿ ತುಳುಕುವುದೇ ಅದರ ಕಸುಬು. ಗಿಡ್ಡ, ದಪ್ಪ ತಳದ ರಾಕ್ಸ್ ಗ್ಲಾಸುಗಳನ್ನೇ ತಂದೆ, ಬರುವವರಷ್ಟೂ ಜನಕ್ಕೆ ಒಂದೇ ನಮೂನೆಯವು.

ಯಾಕೆಂದರೆ ನಮ್ಮಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಕುಡಿಯುವುದಿಲ್ಲ. ಅಂಥವರ ಕೈಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ ಕೋಕ್ ಕೊಟ್ಟು, ಕುಡಿಯುವವರಿಗೆ ಮಾತ್ರ ಗಾಜು, ಕಿತ್ತಳೆ ಸಿಪ್ಪೆ, ಉಪಚಾರ ಮಾಡುವ ಮನೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ನನಗೆ ಅದು ಪಂಕ್ತಿಭೇದವೇ. ಅದಕ್ಕೇ ದೊಡ್ಡ ಬೋಗುಣಿಯಲ್ಲಿ ಎಲ್ಲರಿಗೂ ಬೆರೆಸುವ ಪಂಚ್ ಎಂಬ ಪಾನಕಕ್ಕೆ ಒಂದು ಹನಿ ಮದ್ಯವೂ ಬೀಳುವುದಿಲ್ಲ. ಬೇಕಾದವರು ಪಕ್ಕದಲ್ಲಿಟ್ಟ ಬರ್ಬನ್ನನ್ನು ಜಿಗ್ಗರಿನಲ್ಲಿ ಅಳೆದು ತಮ್ಮ ಗ್ಲಾಸಿಗೆ ಸೇರಿಸಿಕೊಳ್ಳಲಿ. ಕಾಲೇಜಿಗೆ ಹೋಗುವ ಹುಡುಗರೂ ಬರುತ್ತಾರೆ. ಇಲ್ಲಿ ಕುಡಿಯಲು 21 ತುಂಬಿರಬೇಕು, ಮನೆಯಲ್ಲಿ ಸಣ್ಣವರಿಗೆ ಕುಡಿಯಲು ಬಿಟ್ಟರೆ ಕೇಸು ಬೀಳುವುದು ಮನೆಯವರ ಮೇಲೆ. ಬೋಗುಣಿಗೆ ಯಾರು ಸೌಟು ಹಾಕಿದರೂ ನನಗೆ ಚಿಂತೆ ಇರಬಾರದು.

ಬಿಟರ್ಸ್ ವಿಷಯದಲ್ಲೂ ಇದೇ ಎಚ್ಚರ. ಔಷಧಿಯ ಹಾಗೆ ಹನಿ ಹನಿ ಹಾಕುವುದರಿಂದ ಅದೂ ಒಂದು ಎಸೆನ್ಸ್ ಅಂದುಕೊಳ್ಳುವವರೇ ಹೆಚ್ಚು. ಟ್ರಿನಿಡಾಡಿನಲ್ಲಿ ತಯಾರಾಗುವ ಅಂಗಸ್ಟೂರಾದಲ್ಲಿ ಶೇಕಡಾ 44.7 ಆಲ್ಕೋಹಾಲ್ ಇದೆ, ಸಾಮಾನ್ಯ ವಿಸ್ಕಿಗಿಂತ ಒಂದು ಕೈ ಮೇಲೆ. ವ್ರತ, ನಿಯಮ ಅಂತ ಬಿಟ್ಟವರ ಗ್ಲಾಸಿಗೆ ಅವರನ್ನು ಕೇಳದೆ ಎರಡು ಹನಿಯೂ ಹಾಕಬಾರದು.

ಪಂಚ್‌ನ ಜೀವಾಳ ಕ್ರ್ಯಾನ್‌ಬೆರಿ ಮತ್ತು ಪುನರ್ಪುಳಿ. ಕ್ರ್ಯಾನ್‌ಬೆರಿ ಈ ರಾಜ್ಯದ್ದೇ ಬೆಳೆ. ಕಳೆದ ತಿಂಗಳು ವೇರ್‌ಹ್ಯಾಮ್ ಕಡೆ ಹೋದಾಗ ಗದ್ದೆಗೆ ನೀರು ಕಟ್ಟಿ ಕೊಯ್ಲು ಮಾಡುತ್ತಿದ್ದರು. ಕಾಯಿಯೊಳಗೆ ಗಾಳಿಯ ಪೊಳ್ಳು ಇರುವುದರಿಂದ ಉದುರಿದ್ದೆಲ್ಲ ತೇಲಿ ಬಂದು ಗದ್ದೆ ತುಂಬ ಕೆಂಪೋ ಕೆಂಪು. ಅದನ್ನು ಸಕ್ಕರೆ, ಜಜ್ಜಿದ ಶುಂಠಿ, ಚಕ್ಕೆ ಹಾಕಿ ಕುದಿಸಿದೆ. ಕಾಯಿ ಚಟಪಟ ಒಡೆದ ಮೇಲೆ ಹೆಚ್ಚು ಹೊತ್ತು ಬಿಡಬಾರದು, ಅದರಲ್ಲಿ ರಸವನ್ನು ಗಟ್ಟಿಯಾಗಿಸುವ ಪೆಕ್ಟಿನ್ ಜಾಸ್ತಿ, ಪಾಕ ಮಾಡಲು ಹೋಗಿ ಜಾಮ್ ಆಗುತ್ತದೆ. ಮಾವ ತಂದ ಪುನರ್ಪುಳಿ ಸಿಪ್ಪೆಯನ್ನು ಬೇರೆಯೇ ನೆನೆಹಾಕಿ, ಹಿಂಡಿ, ಸೋಸಿ ಸೇರಿಸಿದೆ. ಕ್ರ್ಯಾನ್‌ಬೆರಿಯ ಹುಳಿ ನಾಲಿಗೆಯ ತುದಿಗೆ ಚುರುಕ್ಕೆಂದು ಹೋಗಿಬಿಡುತ್ತದೆ, ಪುನರ್ಪುಳಿಯದು ಗಂಟಲವರೆಗೂ ಜೊತೆಗೆ ಬರುತ್ತದೆ. ಚಿಟಿಕೆ ಉಪ್ಪು ಬಿದ್ದ ಮೇಲೆ ಎರಡಕ್ಕೂ ಹೊಂದಿಕೆಯಾಯಿತು. ಜೀರಿಗೆ ಹಾಕು ಅಂತ ಮಾವ, ಬೇಡ ಅಂತ ನಾನು. ಅಮೆರಿಕನ್ ನೆಂಟರೂ ಇದ್ದಾರೆ ಅನ್ನುವುದು ನನ್ನ ನೆಪ.

ಐಸು ಮರೆತರೆ ಇಷ್ಟೆಲ್ಲ ನೀರುಪಾಲು. ಫ್ರಿಜ್ಜಿನ ಯಂತ್ರ ಉದುರಿಸುವ ಚೂರುಗಳು ಬೇಗ ಕರಗುತ್ತವೆ. ಬ್ರೆಡ್ ಬೇಯಿಸುವ ಉದ್ದ ಟಿನ್ನಿನಲ್ಲಿ ನೀರು ತುಂಬಿ ಫ್ರೀಜರಿಗೆ ಇಟ್ಟಿದ್ದೇನೆ, ಬೋಗುಣಿಗೆ ಅದರದೇ ಇಡೀ ಗಟ್ಟಿ.

ಓಲ್ಡ್ ಫ್ಯಾಷನ್ಡ್ ಅನ್ನುವ ಬರ್ಬನ್ ಕಾಕ್‌ಟೇಲ್ ಕೇಳುವ ನಾಲ್ಕೈದು ಮಂದಿಗೆ ಒಂದು ಜಗ್ಗು ಈಗಲೇ ಬೆರೆಸಿಟ್ಟಾಯಿತು: ಬರ್ಬನ್ 300 ಎಂಎಲ್, ಸಕ್ಕರೆ ಪಾಕ 40, ಬಿಟರ್ಸ್ ಹತ್ತು ಸಲ ಜಾಡಿಸಿದಷ್ಟು, ನೀರು 75. ನೀರು ಯಾಕೆ ಅಂತ ಇವರ ತಕರಾರು. ಐಸಿನ ಜೊತೆ ಕಲಕುವಾಗ ಕರಗಿ ಸೇರುವ ನೀರೂ ಆ ಪಾನೀಯದ ಭಾಗವೇ. ಮೊದಲೇ ಬೆರೆಸಿ ತಣ್ಣಗೆ ಇಡುವುದಾದರೆ ಅದನ್ನು ನಾವೇ ಹಾಕಬೇಕು. ಜಗ್ಗಿಗೆ 'ಮಕ್ಕಳು ಮುಟ್ಟಬೇಡಿ' ಅಂತ ಎರಡೂ ಭಾಷೆಯಲ್ಲಿ ಚೀಟಿ ಅಂಟಿಸಿದ್ದೇನೆ. ಮಾವ ಎರಡನ್ನೂ ಓದಿ, ತಾವು ಮಕ್ಕಳಲ್ಲವಲ್ಲ ಅಂತ ಖಾತ್ರಿ ಮಾಡಿಕೊಂಡರು.

ಕಿತ್ತಳೆ ಸಿಪ್ಪೆ ಮಾತ್ರ ನಾಳೆ ಊಟದ ಹೊತ್ತಿಗೇ ಹೆರೆಯಬೇಕು, ಇವತ್ತೇ ಹೆರೆದಿಟ್ಟರೆ ಎಣ್ಣೆ ಆರಿ ಘಮ ಹೋಗುತ್ತದೆ. ಸಿಪ್ಪೆ ಹೆರೆಯುವ ಕತ್ತಿ ಎಲ್ಲಿಟ್ಟಿದ್ದಾರೆ ಅಂತ ಇವರನ್ನು ಕೇಳಬೇಕು.