ಬಸ್ ಸ್ಟ್ಯಾಂಡಿನಲ್ಲಿ ಪೋಲಿಯೊ ಭಾನುವಾರ

ಇವತ್ತು ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿನಲ್ಲಿ ಪೋಲಿಯೊ ಬೂತ್ ಹಾಕಿದ್ದೆವು. ನಮ್ಮ ರೋಟರಿ ಕ್ಲಬ್ಬಿನಿಂದ ನಾಲ್ಕು ಜನ, ಜೊತೆಗೆ ಆಶಾ ಕಾರ್ಯಕರ್ತೆ ಅಕ್ಕ. ಹನಿ ಹಾಕೋದು ಅಕ್ಕನ ಕೆಲಸ, ಮಗುವಿನ ಎಡಗೈ ಕಿರುಬೆರಳಿಗೆ ಮಾರ್ಕರ್ ಹಚ್ಚೋದು ನನ್ನದು. ಹುಬ್ಬಳ್ಳಿ ಬಸ್ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಇಳಿದು ಓಡಿ ಬಂದರು, ಕಂಡಕ್ಟರ್ ರೈಟ್ ಹೇಳದೆ ಕಾದರು. ಆ ಒಂದು ನಿಮಿಷ ಎಷ್ಟು ಖುಷಿ ಕೊಟ್ಟಿತು!

"ಪೋಲಿಯೊ ಹೋಯ್ತಲ್ವಾ, ಇನ್ನೂ ಯಾಕೆ?" ಅಂತ ಜಾಸ್ತಿ ಜನ ಕೇಳುತ್ತಾರೆ. ನಮ್ಮ ದೇಶದ ಕೊನೆಯ ಕೇಸ್ 2011ರ ಜನವರಿಯದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ಪೋಲಿಯೊಮುಕ್ತ ಅಂತ ಘೋಷಣೆಯೂ ಆಯಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ವೈರಸ್ ಇನ್ನೂ ಇದೆ, ಅದಕ್ಕೆ ಗಡಿ ಗೊತ್ತಿಲ್ಲ. ರೋಟರಿ 1985ರಿಂದಲೂ ಇದಕ್ಕೆ ಹಣ ಕೂಡಿಸುತ್ತಿದೆ. ನಮ್ಮ ದೇಣಿಗೆ ಡಬ್ಬಿಗೆ ಬೀಳುವ ಹತ್ತು ರೂಪಾಯಿಯೂ ಈ ಕೆಲಸಕ್ಕೇ ಹೋಗುತ್ತದೆ.

ಮಾರ್ಕರ್ ಹಚ್ಚುತ್ತಾ ಕುಳಿತಾಗ, ಶಾಲೆಯಲ್ಲಿ ಪೋಲಿಯೊ ಬಂದ ಕಾಲಿಗೆ ಕ್ಯಾಲಿಪರ್ (ನಡೆಯಲು ಆಸರೆಯ ಪಟ್ಟಿ) ಕಟ್ಟಿಕೊಂಡು ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ನೆನಪಾದ. ನನ್ನ ಮಗಳಿಗೆ ಕ್ಯಾಲಿಪರ್ ಅಂದರೆ ಏನು ಅಂತಲೇ ಗೊತ್ತಿಲ್ಲ.

ನಾಳೆಯಿಂದ ಮನೆ ಮನೆ ಭೇಟಿ. ಬೆರಳಿಗೆ ಗುರುತಿಲ್ಲದ, ಐದು ವರ್ಷದೊಳಗಿನ ಮಗು ನಿಮ್ಮ ಬೀದಿಯಲ್ಲಿದ್ದರೆ ದಯವಿಟ್ಟು ಹೇಳಿ, ಬರುತ್ತೇವೆ.