ಗಂಡು ಹಂದಿ ಯಾರ ಮನೆಯದು?

ಘುಂಗ್ರು ಹಂದಿಯ ಕಿವಿ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅಷ್ಟಗಲದ ಕಿವಿ ಕಣ್ಣಿನ ಮೇಲೆ ಜೋತುಬಿದ್ದು, ಎದುರಿಗೆ ನಿಂತವರು ಅದಕ್ಕೆ ಕಾಣಿಸುತ್ತಾರೋ ಇಲ್ಲವೋ ಅನ್ನೋ ಅನುಮಾನ ಬರುತ್ತದೆ. ಮೈಯೆಲ್ಲ ಕಪ್ಪು, ಒರಟು ಕೂದಲು, ಗಿಡ್ಡ ಮೂತಿ, ಸುಕ್ಕುಗಟ್ಟಿದ ಮುಖ. ಪಶ್ಚಿಮ ಬಂಗಾಳದ ಉತ್ತರದ ತುದಿಯಲ್ಲಿ, ಹಿಮಾಲಯದ ಬುಡದ ಡುವಾರ್ಸ್‌ನಲ್ಲಿ, ಚಹಾ ತೋಟದ ಕೂಲಿ ಲೈನುಗಳ ಹಿತ್ತಿಲಲ್ಲಿ ಇವು ಬೆಳೆಯುತ್ತವೆ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ದೇಶದ ಹಂದಿ ತಳಿಗಳ ಪೈಕಿ ಮೊದಲ ನಂಬರ್ ಇದರದ್ದೇ. ಪಶುತಳಿ ವಿಜ್ಞಾನ ಓದುತ್ತಿದ್ದಾಗ, ಈ ತಳಿಯೊಳಗೆ ಎಷ್ಟು ವೈವಿಧ್ಯ ಉಳಿದಿದೆ ಅಂತ ಅಳೆಯುವ ಕೆಲಸಕ್ಕೆ ಸ್ಯಾಂಪಲ್ ತರಲು ನಾನು ಅಲಿಪುರ್‌ದ್ವಾರ್ ಕಡೆ ಹೋಗಿದ್ದೆ. "ಹಂದಿ ನೋಡೋಕೆ ಅಷ್ಟು ದೂರ ಯಾಕೆ, ನಮ್ಮ ಗದ್ದೆ ಹಾಳು ಮಾಡೋವು ಸಾಲದಾ?" ಅಂದಿದ್ದರು ಮನೆಯಲ್ಲಿ ಅಜ್ಜಿ.

ಅಳೆಯೋದು ಅಂದರೆ ಏನು? ಹಂದಿಯ ಡಿಎನ್‌ಎಯಲ್ಲಿ ಸಿ-ಎ, ಸಿ-ಎ ಅಂತ ಎರಡೇ ಅಕ್ಷರ ಮತ್ತೆ ಮತ್ತೆ ಬರುವ ಜಾಗಗಳಿವೆ. ಒಂದು ಹಂದಿಯಲ್ಲಿ ಅದು 15 ಸಲ ಬಂದರೆ ಇನ್ನೊಂದರಲ್ಲಿ 18 ಸಲ ಬರಬಹುದು. ಪ್ರತಿ ಹಂದಿಗೂ ಅಮ್ಮನ ಕಡೆಯಿಂದ ಒಂದು ಪ್ರತಿ, ಅಪ್ಪನ ಕಡೆಯಿಂದ ಒಂದು ಪ್ರತಿ. ಎರಡೂ ಬೇರೆ ಬೇರೆ ಇದ್ದರೆ ಅದು ಹೆಟೆರೋಜೈಗಸ್. ಇಂಥ ಜಾಗಗಳನ್ನು ಸುಮಾರು 30ರಷ್ಟು ಆರಿಸಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಒಂದು ಪಟ್ಟಿ ಕೊಟ್ಟಿದೆ. ಯಾವುದು ಯಾವುದರ ಜೊತೆಗಾದರೂ ಜೋಡಿಯಾದರೆ ಎಷ್ಟು ಹಂದಿ ಹೆಟೆರೋಜೈಗಸ್ ಆಗಿರಬೇಕಿತ್ತು, ನಿಜವಾಗಿ ಎಷ್ಟಿವೆ ಅಂತ ಹೋಲಿಸಿ ನೋಡುತ್ತೇವೆ. ಇರಬೇಕಾದ್ದಕ್ಕಿಂತ ಕಡಿಮೆ ಬಂದರೆ ಸಂಬಂಧದಲ್ಲೇ ಕೂಡಿಕೆ ಆಗುತ್ತಿದೆ ಅನ್ನೋದು ಮೊದಲ ಗುಮಾನಿ.

ಲೆಕ್ಕ ಸರಿ ಬರಬೇಕಾದರೆ ಸ್ಯಾಂಪಲ್ ಸರಿ ಇರಬೇಕು. ಕನಿಷ್ಠ 25 ಹಂದಿ ಬೇಕು. ಒಂದಕ್ಕೊಂದು ನೆಂಟಸ್ತಿಕೆ ಇರಬಾರದು. ಕಾಗದದ ಮೇಲೆ ಇದು ಒಂದು ಸಾಲಿನ ಸೂಚನೆ. ಕೂಲಿ ಲೈನಿನಲ್ಲಿ ನಿಂತಾಗ ಇದೇ ಇಡೀ ದಿನದ ಕೆಲಸ.

ಆವತ್ತು ಬೆಳಿಗ್ಗೆ ಮೊದಲ ಮನೆಯಲ್ಲೇ ಬಾಗಿಲು ಹಾಕಿಕೊಂಡರು. ಅವರ ತಪ್ಪಿಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರದ ಭಯ ಅಲ್ಲಿ ಇನ್ನೂ ಆರಿರಲಿಲ್ಲ. ಮನುಷ್ಯರಿಗೆ ಬರೋದಿಲ್ಲ, ಆದರೆ ಹಂದಿಗೆ ಬಂದರೆ ಉಳಿಯೋದು ಅಪರೂಪ. ಬೂಟು, ಬಟ್ಟೆ, ಸೂಜಿ ಎಲ್ಲದರಲ್ಲೂ ವೈರಸ್ ಸವಾರಿ ಮಾಡುತ್ತದೆ. ಹಿತ್ತಿಲಿಂದ ಹಿತ್ತಿಲಿಗೆ ತಿರುಗೋ ನಮ್ಮಂಥವರನ್ನು ಯಾರು ಒಳಗೆ ಬಿಟ್ಟುಕೊಳ್ತಾರೆ? ಜೊತೆಗಿದ್ದ ಪ್ರಾಣಿಬಂಧು ಸಾದ್ರಿ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದ. ಬಂಗಾಳದ ಹಳ್ಳಿಗಳಲ್ಲಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡಲು ಬರುವ ಕಾರ್ಯಕರ್ತರಿಗೆ ಆ ಹೆಸರು. ಕೊನೆಗೆ ರಕ್ತ ಬೇಡ, ಸೂಜಿ ಬೇಡ, ಬರೀ ಕೂದಲು ಸಾಕು, ಕಾಲು ಬ್ಲೀಚಿಂಗ್ ನೀರಲ್ಲಿ ಅದ್ದಿಯೇ ಒಳಗೆ ಬರ್ತೀವಿ ಅಂತ ಒಪ್ಪಂದ ಆಯಿತು.

ಕೂದಲು ಕೀಳೋದು ಸುಲಭ ಅಂದುಕೊಳ್ಳಬೇಡಿ. ಕತ್ತರಿಸಿದರೆ ಪ್ರಯೋಜನವಿಲ್ಲ, ಬೇರು ಸಮೇತ ಬರಬೇಕು, ಯಾಕೆಂದರೆ ಡಿಎನ್‌ಎ ಸಿಗೋದು ಬುಡದ ಆ ಬಿಳಿ ಗಂಟಿನಲ್ಲಿ. ಹಂದಿಯನ್ನು ಹಿಡಿಯೋ ಉಪಾಯ ಮಾತ್ರ ಚೆನ್ನಾಗಿದೆ. ಮೇಲಿನ ದವಡೆಗೆ, ಕೋರೆಹಲ್ಲಿನ ಹಿಂದೆ ಹಗ್ಗದ ಕುಣಿಕೆ ಬೀಳಬೇಕು. ಬಿದ್ದ ಕೂಡಲೇ ಹಂದಿ ಹಿಂದಕ್ಕೆ ಜಗ್ಗುತ್ತದೆ. ಮುಂದಕ್ಕೆ ನುಗ್ಗೋಕೆ ಅದಕ್ಕೆ ತೋಚುವುದೇ ಇಲ್ಲ. ನೀವು ಹಗ್ಗ ಹಿಡಿದು ನಿಂತರೆ ಅದೂ ನಿಂತಲ್ಲೇ ನಿಲ್ಲುತ್ತದೆ, ಕಿವಿ ಒಡೆದುಹೋಗೋ ಹಾಗೆ ಕಿರುಚುತ್ತಾ. ಬೆನ್ನಿನ ದಪ್ಪ ಕೂದಲನ್ನು ನಾಲ್ಕೈದರಂತೆ ಬೆರಳಿಗೆ ಸುತ್ತಿ ಎಳೆಯಬೇಕು. ಬೆಳಕಿಗೆ ಹಿಡಿದು ಬೇರು ನೋಡಬೇಕು. ಕಾಗದದ ಕವರಿಗೆ ಹಾಕಿ ನಂಬರ್ ಬರೆಯಬೇಕು. ಹಗ್ಗ ಬಿಟ್ಟ ಮರುಕ್ಷಣ ಅದು ಏನೂ ಆಗದವರ ಹಾಗೆ ತೊಟ್ಟಿಗೆ ಮೂತಿ ಹಾಕುತ್ತದೆ. ತೊಟ್ಟಿಯಲ್ಲಿ ಬೇಯಿಸಿದ ಕೆಸುವಿನ ದಂಟು, ಅಕ್ಕಿ ತೌಡು, ಹಂಡಿಯಾ ಸೋಸಿ ಉಳಿದ ಅನ್ನದ ಗಷ್ಟು. ಹಂಡಿಯಾ ಅಂದರೆ ಅಲ್ಲಿಯವರು ಮನೆಯಲ್ಲೇ ಮಾಡೋ ಅಕ್ಕಿ ಮದ್ಯ.

ಕೀಳೋದಕ್ಕೆ ಮೊದಲು ಪ್ರತಿ ಮನೆಯಲ್ಲೂ ಕೇಳುತ್ತಿದ್ದ ಪ್ರಶ್ನೆ ಒಂದೇ. ಇದರ ಅಪ್ಪ ಯಾರ ಮನೆಯದು? ಎರಡನೇ ಮನೆಯಲ್ಲಿ ಸಿಕ್ಕ ಉತ್ತರ: ಲೈನಿನ ಕೊನೆಯ ಮನೆಯ ಗಂಡು. ಮೂರನೆಯದರಲ್ಲಿ, ಲೈನಿನ ಕೊನೆಯ ಮನೆಯದು. ಅದರ ಪಕ್ಕದಲ್ಲೂ ಅದೇ. ಸುಮಾರು 20 ಹೆಣ್ಣು ಹಂದಿಗಳಿದ್ದ ಲೈನದು, ಅಲ್ಲಿದ್ದ ಬೀಜದ ಗಂಡು ಒಂದೇ. ಗಂಡು ಮರಿಗಳಿಗೆ ಚಿಕ್ಕಂದಿನಲ್ಲೇ ಬೀಜ ಒಡೆದುಬಿಡುತ್ತಾರೆ. ಬೇಗ ಕೊಬ್ಬುತ್ತದೆ, ಮಾಂಸಕ್ಕೆ ವಾಸನೆ ಬರೋದಿಲ್ಲ, ಸಂತೆಯಲ್ಲಿ ರೇಟು ಜಾಸ್ತಿ. ಬೀಜದ ಗಂಡನ್ನು ಸುಮ್ನೆ ಸಾಕೋಕೆ ಯಾರಿಗೂ ಪುರುಸೊತ್ತಿಲ್ಲ, ಮೇವೂ ಇಲ್ಲ. ನಮ್ಮ ಕಡೆ ಇಡೀ ಊರಿನ ಹಸುಗಳಿಗೆ ದೇವರ ಬಸವ ಒಂದೇ ಇರುತ್ತಲ್ಲ, ಹಾಗೆ.

ಆದರೆ ಬಸವನಿಗೆ ಯಾರೂ ಕರು ಕೊಡೋದಿಲ್ಲ. ಇಲ್ಲಿ ಗಂಡಿನ ಮನೆಗೆ ಹುಟ್ಟಿದ ಮರಿಗಳಲ್ಲಿ ಒಂದನ್ನು ಕೊಡಬೇಕು, ಅದೇ ಫೀಸು. ಗಂಡಿನ ಯಜಮಾನಿ, ಐವತ್ತು ದಾಟಿದ ಹೆಂಗಸು, ತನ್ನ ಹಿತ್ತಿಲಿನ ಹಂದಿಗಳನ್ನು ಬೊಟ್ಟು ಮಾಡಿ ಒಂದೊಂದು ಯಾವ ಮನೆಯಿಂದ ಬಂತು ಅಂತ ಪಟಪಟ ಹೇಳಿದರು. ಒಳ್ಳೆ ಹೆಣ್ಣು ಮರಿಯನ್ನೇ ಆರಿಸಿಕೊಳ್ಳೋದು ಅಂತ ಹೆಮ್ಮೆಯಿಂದ ಹೇಳಿದರು. ಅಂದರೆ ಆ ಹಿತ್ತಿಲಿನಲ್ಲಿ ಇದ್ದವೆಲ್ಲ ಅದೇ ಗಂಡಿನ ಮಕ್ಕಳು. ಅವುಗಳ ಮೇಲೂ ಏರುತ್ತಿದ್ದದ್ದು ಅದೇ ಗಂಡು. ಈ ಗಂಡು ಎಲ್ಲಿಂದ ಬಂತು ಅಂತ ಕೇಳಿದೆ. ಹಿಂದೆ ಇದ್ದ ಗಂಡಿನ ಮಗ ಅಂದರು.

ಪ್ರಯೋಗಾಲಯದ ಯಂತ್ರ ಹೇಳಬೇಕಿದ್ದ ವಿಷಯದಲ್ಲಿ ಅರ್ಧ ಅಲ್ಲೇ ಸಿಕ್ಕಿತ್ತು. ನಾನು ಸ್ಯಾಂಪಲ್ ವಿವರ ಬರೆಯೋ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ತಳಿಶಾಸ್ತ್ರದಲ್ಲಿ ತಲೆ ಎಣಿಸೋದಿಲ್ಲ, ಪರಿಣಾಮಕಾರಿ ಸಂಖ್ಯೆ ಅಂತ ಒಂದಿದೆ. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಒಂದು ಗಂಡು, 20 ಹೆಣ್ಣು ಇದ್ದರೆ ಬರೋದು 3.8. ಹೊರಗಿಂದ ಏನೂ ಬರದಿದ್ದರೆ 21 ಹಂದಿಗಳ ಆ ಲೈನು ವೈವಿಧ್ಯದ ಲೆಕ್ಕದಲ್ಲಿ ನಾಲ್ಕು ಹಂದಿಗೂ ಸಮ ಅಲ್ಲ. ಹೆಣ್ಣುಗಳನ್ನು ನೂರಕ್ಕೆ ಏರಿಸಿ ನೋಡಿ, 3.96 ಆಗುತ್ತದೆ ಅಷ್ಟೇ. ಬದಲಿಗೆ 20 ಹೆಣ್ಣಿಗೆ ಇನ್ನೊಂದೇ ಒಂದು ಗಂಡು ಸೇರಿಸಿ, ಅದೂ ಸಂಬಂಧವಿಲ್ಲದ್ದು, 7.2 ದಾಟುತ್ತದೆ. ಒಂದು ತಳಿಗೆ ಈ ಸಂಖ್ಯೆ 50ಕ್ಕಿಂತ ಕೆಳಗೆ ಇಳಿಯಬಾರದು ಅನ್ನೋದು ಅದೇ ಆಹಾರ ಮತ್ತು ಕೃಷಿ ಸಂಸ್ಥೆಯ ಮಾತು. ಪ್ರಾಣಿಬಂಧು ಈ ಲೆಕ್ಕವನ್ನು ಸಾದ್ರಿಯಲ್ಲಿ ಹೇಳಿದ. ಯಜಮಾನಿ ನಂಬಲಿಲ್ಲ. ಆದರೆ ಮೊದಲೆಲ್ಲ ಹತ್ತು ಹನ್ನೆರಡು ಮರಿ ಹಾಕುತ್ತಿದ್ದವು, ಈಗ ಆರೋ ಏಳೋ ಅಂತ ಪಕ್ಕದ ಮನೆಯವರು ಹೇಳಿದಾಗ ಅವರು ಸುಮ್ಮನಾದರು. ಅದಕ್ಕೆ ಮೇವಿನ ಕೊರತೆಯೂ ಕಾರಣ ಇರಬಹುದು, ಎಲ್ಲವನ್ನೂ ರಕ್ತದ ಮೇಲೆ ಹಾಕೋದು ಸರಿಯಲ್ಲ.

ಸಂಜೆ ಹೊತ್ತಿಗೆ ಇನ್ನೊಂದು ಲೈನಿನಲ್ಲಿ ಒಬ್ಬರು ತಮ್ಮ ಹಂದಿಯನ್ನು ತಾವೇ ಹಿಡಿದು ತಂದು ನಿಲ್ಲಿಸಿದರು. ದಷ್ಟಪುಷ್ಟ ಹೆಣ್ಣು, ಹೊಳೆಯೋ ಕಪ್ಪು ಮೈ, ಹೆಗಲ ಸುತ್ತ ಬಿಳಿ ಪಟ್ಟಿ. ಆ ಪಟ್ಟಿ ಹ್ಯಾಂಪ್‌ಶೈರ್ ಅನ್ನೋ ವಿದೇಶಿ ತಳಿಯ ಗುರುತು. ಗುವಾಹಟಿ ಬಳಿಯ ರಾಣಿಯಲ್ಲಿರುವ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ ಹ್ಯಾಂಪ್‌ಶೈರ್ ಮತ್ತು ಘುಂಗ್ರು ಕೂಡಿಸಿ ಬೇಕೆಂದೇ ಒಂದು ಮಿಶ್ರತಳಿ ಮಾಡಿದೆ, ಅದರ ಹೆಸರೂ ರಾಣಿ. ಬೇಗ ತೂಕ ಬರುತ್ತದೆ, ಸಾಕುವವರಿಗೆ ಲಾಭ. ನನ್ನ ತಕರಾರು ಅದರ ಮೇಲಲ್ಲ. ಇಂಥ ಹಂದಿ ಗೊತ್ತಿಲ್ಲದೆ ನಮ್ಮ ಸ್ಯಾಂಪಲ್ಲಿಗೆ ಸೇರಿಕೊಂಡರೆ ಹೆಟೆರೋಜೈಗಸ್ ಅಂಕಿ ಏರುತ್ತದೆ. ವರದಿ ಓದಿದವರು ಘುಂಗ್ರು ಚೆನ್ನಾಗಿದೆ, ವೈವಿಧ್ಯ ತುಂಬಿ ತುಳುಕುತ್ತಿದೆ ಅಂದುಕೊಳ್ತಾರೆ. ತಳಿ ಕರಗಿಹೋಗುವ ಮೊದಲ ತಲೆಮಾರಿನಲ್ಲೇ ಅಂಕಿ ಸೊಗಸಾಗಿ ಕಾಣೋದು.

ಅಂಕಿಗೆ ಉಲ್ಟಾ ರೋಗವೂ ಇದೆ. 2009ರಲ್ಲಿ ಬಂದ, ಹಂದಿಯ ಡಿಎನ್‌ಎಯ 60 ಸಾವಿರಕ್ಕೂ ಹೆಚ್ಚು ಜಾಗಗಳನ್ನು ಒಂದೇ ಸಲ ಓದುವ ಪರೀಕ್ಷಾ ಚಿಪ್ (chip) ಕಟ್ಟಿದ್ದು ಮುಖ್ಯವಾಗಿ ಡ್ಯುರಾಕ್, ಲಾರ್ಜ್ ವೈಟ್, ಲ್ಯಾಂಡ್‌ರೇಸ್, ಪಿಯೆತ್ರಾನ್ ಅನ್ನೋ ವಿದೇಶಿ ತಳಿಗಳನ್ನು ನೋಡಿ. ಆ ತಳಿಗಳಲ್ಲಿ ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲಷ್ಟೇ ಅದು ಹುಡುಕುತ್ತದೆ. ನಮ್ಮ ಹಿತ್ತಿಲ ಹಂದಿಯಲ್ಲಿ ಮಾತ್ರ ಇರುವ ವ್ಯತ್ಯಾಸ ಅದರ ಕಣ್ಣಿಗೆ ಬೀಳೋದೇ ಇಲ್ಲ. ಆಗ ಇದ್ದದ್ದಕ್ಕಿಂತ ಬಡವಾಗಿ ಕಾಣೋದು ನಮ್ಮ ತಳಿ.

ಆ ಬಿಳಿ ಪಟ್ಟಿಯ ಹಂದಿಯ ಕೂದಲು ಬೇಡ ಅಂದಾಗ ಅದರ ಯಜಮಾನರಿಗೆ ಅವಮಾನವೇ ಆಯಿತು. ಊರಿಗೇ ಒಳ್ಳೆ ಹಂದಿ ಬಿಟ್ಟು ಬಡಕಲು ಹಂದಿಗಳ ಕೂದಲು ಕೀಳ್ತೀರಲ್ಲ, ನೀವೆಂಥ ಡಾಕ್ಟರು ಅಂದರು. ಉತ್ತರ ಪ್ರಾಣಿಬಂಧುವಿಗೆ ಬಿಟ್ಟೆ. ಅವನೂ ನಕ್ಕು ಜಾರಿಕೊಂಡ.

ವಾಪಸ್ ಬರುವಾಗ ಬೆಳಗಿನ ಲೈನಿನಲ್ಲಿ ಹೆಂಗಸರು ಗುಂಪು ಕಟ್ಟಿ ನಮ್ಮನ್ನು ತಡೆದರು. ಹೊಳೆಯಾಚೆಯ ತೋಟದಲ್ಲಿ ಬೇರೆ ಗಂಡು ಇದೆಯಂತೆ, ಕಿವಿ ಇನ್ನೂ ದೊಡ್ಡದಂತೆ, ತರಿಸೋಣವಾ ಅಂತ ಕೇಳಿದರು. ತರಿಸಿ, ಆದರೆ ಜ್ವರದ ಕಾಲ, ಬಂದ ಮೇಲೆ ಮೂರು ವಾರ ದೂರ ಕಟ್ಟಿಹಾಕಿ ನೋಡಿ ಅಂದ ಪ್ರಾಣಿಬಂಧು. ಆ ಮೂರು ವಾರ ಅದಕ್ಕೆ ಮೇವು ಹಾಕೋರು ಯಾರು ಅಂತ ಜಗಳ ಶುರುವಾಯಿತು. ಹಳೇ ಗಂಡಿನ ಯಜಮಾನಿಯೇ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದರು. ಮೇವು ತಾನೇ ಹಾಕ್ತಾರಂತೆ, ಆದರೆ ಫೀಸಿನ ಮರಿಗಳೂ ತನಗೇ ಬರಬೇಕಂತೆ.